ಕಿಕ್ಕಮ್ಮ ಎಂದು ಹೆಸರಿಟ್ಟವನು

ವಿಶ್ವವಿದ್ಯಾಲಯದ ದೊಡ್ಡ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವ ಕೋಣೆಯೊಂದಿತ್ತು. ಅಲ್ಲಿನ ಬೈಂಡರನಿಗೆ ಎರಡು ವಿದ್ಯೆ ಒಲಿದಿದ್ದವು. ಒಂದು, ಬೆನ್ನು ಮುರಿದ ಪುಸ್ತಕವನ್ನು ನೆಟ್ಟಗೆ ನಿಲ್ಲಿಸುವುದು. ಇನ್ನೊಂದು, ನೆಟ್ಟಗೆ ನಿಂತ ಮನುಷ್ಯನಿಗೆ ಅಡ್ಡಹೆಸರು ಇಡುವುದು. ಮೊದಲನೆಯದಕ್ಕೆ ಸಂಬಳ ಸಿಗುತ್ತಿತ್ತು. ಎರಡನೆಯದಕ್ಕೆ ಸಿಗುತ್ತಿದ್ದದ್ದು ನಗು. ನಿಜ ಹೇಳಬೇಕೆಂದರೆ ಅವನು ಬದುಕಿದ್ದು ಅದರ ಮೇಲೇ.

ಮೆಟ್ಟಿಲ ಕೆಳಗಿನ ಟೀ ಮೇಜಿಗೆ ಅವನು ಬರುವವರೆಗೆ ಯಾರೂ ಲೋಟ ಮುಟ್ಟುತ್ತಿರಲಿಲ್ಲ. ಯಾವ ಅರ್ಜಿ ಹಿಡಿದು ಹೋದರೂ "ಆಮೇಲೆ ನೋಡೋಣ" ಎನ್ನುವ ಮುಖ್ಯ ಗ್ರಂಥಪಾಲಕರಿಗೆ "ಆಮೇಲೆ ಸಾಹೇಬ್ರು" ಎಂದು ಹೆಸರಿಟ್ಟವನು ಅವನೇ. ಮೇಲಿನ ಕಪಾಟಿನ ಪುಸ್ತಕವನ್ನು ಕೈಚಾಚಿಯೇ ತೆಗೆಯಬಲ್ಲ ಗಾರ್ಡಿಗೆ "ಏಣಿ" ಎಂದವನೂ ಅವನೇ. ಏಣಿಗಂತೂ ಆ ಹೆಸರೆಂದರೆ ಪ್ರಾಣ. ಮಗಳ ಶಾಲೆಯಲ್ಲಿ ತಂದೆಯ ಹೆಸರು ಕೇಳಿದಾಗಲೂ ಅದನ್ನೇ ಹೇಳಿ ಹೆಂಡತಿಯಿಂದ ಉಗಿಸಿಕೊಂಡಿದ್ದ. ಹೀಗಾಗಿ, ತಾನು ಹೆಸರಿಡುವುದೆಂದರೆ ಅದೊಂದು ಬಗೆಯ ಪ್ರೀತಿ ಎಂದೇ ಬೈಂಡರ್ ನಂಬಿಕೊಂಡಿದ್ದ. ಅವನನ್ನು ಎಲ್ಲರೂ ಬೈಂಡರಣ್ಣ ಎನ್ನುತ್ತಿದ್ದರು. ಅವನಿಗೊಂದು ಅಡ್ಡಹೆಸರಿಡಲು ಯಾರಿಗೂ ಧೈರ್ಯ ಬಂದಿರಲಿಲ್ಲ.

ಪುಸ್ತಕ ಕೊಡುವ ಕೌಂಟರಿಗೆ ಹೊಸದಾಗಿ ಒಬ್ಬ ಹೆಂಗಸು ಬಂದಾಗಲೂ ಹೀಗೇ ಆಯಿತು. ಆಕೆಗೆ ಆಗ ಮೂವತ್ತರ ಆಸುಪಾಸು. ಸಾಹೇಬರು ಆಕೆಯನ್ನು ಟೀ ಮೇಜಿಗೆ ಕರೆತಂದು, "ನಿಮ್ಮ ಪರಿಚಯ ಹೇಳ್ಕೊಳ್ಳಿ," ಎಂದು ಹೇಳಿ ಹೊರಟುಹೋದರು. "ನನ್ನ ಹೆಸರು ಪ… ಪ್… ಪ್…" ಎಂದು ಆಕೆ ಶುರುಮಾಡಿದಳು. ತುಟಿಗಳು ಮುಚ್ಚಿಕೊಂಡವು, ತೆರೆಯಲೊಲ್ಲವು. ಕತ್ತಿನ ನರ ಬಿಗಿಯಿತು, ಕಣ್ಣು ಮುಚ್ಚಿತು. ಎಲ್ಲರೂ ತಮ್ಮ ತಮ್ಮ ಲೋಟದೊಳಗೆ ಏನೋ ಬಿದ್ದಂತೆ ಬಗ್ಗಿ ನೋಡತೊಡಗಿದರು. ಆ ಬಿಗಿ ಬೈಂಡರನಿಗೆ ತಡೆಯಲಾಗಲಿಲ್ಲ. ಹಳೇ ಸ್ಕೂಟರಿಗೆ ಒದೆಯುವವನಂತೆ ಬಲಗಾಲಿನಿಂದ ನೆಲಕ್ಕೆ ಒಂದು ಬಾರಿಸಿ, "ಇನ್ನೊಂದು ಕಿಕ್ ಹೊಡೀರಮ್ಮಾ, ಸ್ಟಾರ್ಟ್ ಆಗುತ್ತೆ!" ಎಂದ.

ಮೆಟ್ಟಿಲಿನವರೆಗೂ ನಗು ಹೋಯಿತು. ಏಣಿಯ ಮೂಗಿನಿಂದ ಟೀ ಬಂತು. ಆಕೆಯೂ ನಕ್ಕಳು. ಮಧ್ಯಾಹ್ನ ಊಟದ ಹೊತ್ತಿಗೆ ಆಕೆ ಕಿಕ್ಕಮ್ಮ ಆಗಿದ್ದಳು.

"ಆಕೆಯೂ ನಕ್ಕಳು" ಎಂಬುದು ಬೈಂಡರನ ಮನಸ್ಸಿನಲ್ಲಿ ಎಷ್ಟೋ ವರ್ಷ ಚೌಕಟ್ಟು ಹಾಕಿ ತೂಗುಹಾಕಿದ ಪ್ರಮಾಣಪತ್ರದಂತೆ ಇತ್ತು. ಅವನು ಕೆಟ್ಟವನೇನಲ್ಲ. ಆಕೆಯ ಮಗನ ಶಾಲೆಯ ಪುಸ್ತಕಗಳಿಗೆ ಪ್ರತಿ ವರ್ಷ ತಾನಾಗಿಯೇ ರಟ್ಟು ಹಾಕಿಕೊಡುತ್ತಿದ್ದ. ಆಕೆಯ ಗಂಡನಿಗೆ ಆಪರೇಷನ್ ಆದಾಗ ಆಸ್ಪತ್ರೆಗೆ ಓಡಿ ರಕ್ತ ಕೊಟ್ಟವನು ಅವನು. ಯಾರಾದರೂ ಕೇಳಿದ್ದರೆ, "ಕಿಕ್ಕಮ್ಮ ನಮ್ಮನೆ ಮಗಳಿದ್ದ ಹಾಗೆ," ಎಂದುಬಿಡುತ್ತಿದ್ದ. ಯಾರೂ ಕೇಳಲಿಲ್ಲ.

ಹೆಸರು ಮಾತ್ರ ತನ್ನಷ್ಟಕ್ಕೆ ಬೆಳೆಯಿತು. ಆಡಳಿತ ಕಚೇರಿಯಿಂದ ಫೋನು ಮಾಡುವವರೂ "ಕಿಕ್ಕಮ್ಮ ಇದ್ದಾರಾ?" ಎನ್ನತೊಡಗಿದರು. ಆಮೇಲೆ ಸೇರಿದ ನೌಕರರಿಗೆ ಆಕೆಗೆ ಬೇರೊಂದು ಹೆಸರಿದೆ ಎಂಬುದೇ ತಿಳಿದಿರಲಿಲ್ಲ. ಆಕೆಯ ಮಾತು ಎಲ್ಲಾದರೂ ಸಿಕ್ಕಿಕೊಂಡರೆ, ಪಕ್ಕದಲ್ಲಿದ್ದವರು ನೆಲಕ್ಕೆ ಮೆಲ್ಲಗೆ ಕಾಲು ತಟ್ಟುವುದೂ ಒಂದು ರೂಢಿಯಾಗಿಬಿಟ್ಟಿತು. ಆಕೆ ಮುಗುಳ್ನಕ್ಕು ಮಾತು ಮುಂದುವರಿಸುತ್ತಿದ್ದಳು, ಇಲ್ಲವೆ ಬಿಟ್ಟುಬಿಡುತ್ತಿದ್ದಳು. ಬಿಟ್ಟದ್ದನ್ನು ಯಾರೂ ಗಮನಿಸುತ್ತಿರಲಿಲ್ಲ.

ಹೀಗಿರುವಾಗ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಸಮಾನತಾ ಕೋಶ ಎಂಬುದೊಂದು ತೆರೆಯಿತು. ಕೆಲಸದ ಜಾಗದಲ್ಲಿ ಸಮಾನತೆ, ಪರಸ್ಪರ ಗೌರವ ಎಂಬ ವಿಷಯದ ಮೇಲೆ ಎಲ್ಲ ವಿಭಾಗದವರಿಗೂ ತರಬೇತಿ ಎಂದು ಸುತ್ತೋಲೆ ಬಂತು. "ಇಷ್ಟು ದಿನ ಕೈಕಾಲು ಎಲ್ಲಿಡಬೇಕು ಅಂತ ಗೊತ್ತಿಲ್ದೆ ಬದುಕಿದ್ವಿ ನೋಡಿ, ಈಗ ಹೇಳ್ಕೊಡ್ತಾರೆ," ಎಂದ ಬೈಂಡರ್. ಟೀ ಮೇಜು ನಕ್ಕಿತು.

ಗ್ರಂಥಾಲಯದವರ ಸರದಿಯ ದಿನ ಸೆಮಿನಾರ್ ಹಾಲಿಗೆ ಹೋದರೆ ಅಲ್ಲಿ ಕುರ್ಚಿಗಳನ್ನು ವೃತ್ತಾಕಾರವಾಗಿ ಜೋಡಿಸಿದ್ದರು. ಹಿಂದಿನ ಸಾಲು ಎಂಬುದೇ ಇಲ್ಲ. ಹಿಂದಿನ ಸಾಲಿಲ್ಲದ ತರಗತಿಯಲ್ಲಿ ಬೈಂಡರನಿಗೆ ಮೀನನ್ನು ನೀರಿನಿಂದ ತೆಗೆದಂತಾಯಿತು. ಆದರೂ ಬಿಟ್ಟಾನೆಯೇ? ತರಬೇತಿ ಕೊಡಲು ಬಂದಿದ್ದ ಹುಡುಗಿಯನ್ನು ತೋರಿಸಿ ಏಣಿಯ ಕಿವಿಯಲ್ಲಿ, "ನಮ್ಮನ್ನೆಲ್ಲ ಸುತ್ತ ಕೂರಿಸಿ ಮಧ್ಯ ನಿಂತ್ಕೊಂಡಿದ್ದಾರಲ್ಲ, ಕೈವಾರ ಮೇಡಂ," ಎಂದ. ಏಣಿ ಕೆಮ್ಮಿ ನಗು ಮುಚ್ಚಿದ.

"ಮೊದಲು ಎಲ್ಲರೂ ನಿಮ್ಮ ಹೆಸರು ಹೇಳಿ," ಎಂದಳು ತರಬೇತಿಯ ಹುಡುಗಿ. "ಆಮೇಲೆ, ಇಲ್ಲಿ ನಿಮ್ಮನ್ನ ಹೇಗೆ ಕರೆದ್ರೆ ನಿಮಗೆ ಇಷ್ಟ ಅನ್ನೋದನ್ನೂ ಹೇಳಿ. ನಾನು ಬ್ಯಾಡ್ಜ್ ಬರೆದು ಕೊಡ್ತೀನಿ."

ಮಾತು ಕುರ್ಚಿಯಿಂದ ಕುರ್ಚಿಗೆ ಬಂತು. ಬೈಂಡರ್ ತನ್ನನ್ನು ಬೈಂಡರಣ್ಣ ಅಂದರೆ ಸಾಕು ಎಂದ. ಏಣಿ ಎದ್ದು ನಿಂತು, "ಏಣಿ ಅಂತಾನೇ ಬರೀರಿ ಮೇಡಂ, ಇನ್ಯಾವ ಹೆಸರಿಂದ ಕರೆದ್ರೂ ನಾನು ತಿರುಗಲ್ಲ," ಎಂದಾಗ ಹಾಲು ಗೊಳ್ಳೆಂದಿತು. ಮುಂದಿನ ಕುರ್ಚಿ ಆಕೆಯದು.

"ನನ್ನ ಹೆಸರು ಪ… ಪ್…"

ಅಭ್ಯಾಸಬಲದಿಂದ ಏಣಿ ಕಾಲು ತಟ್ಟಿದ. ಇನ್ನೊಬ್ಬರು ತಟ್ಟಿದರು. ವೃತ್ತದಲ್ಲಿ ಕೂತಿದ್ದರಿಂದಲೋ ಏನೋ, ಅದು ಒಬ್ಬರಿಂದೊಬ್ಬರಿಗೆ ದಾಟಿ ಇಡೀ ಹಾಲು ತಾಳ ಹಾಕಿದಂತಾಯಿತು. ತರಬೇತಿಯ ಹುಡುಗಿಗೆ ಅರ್ಥವಾಗದೆ, ಇದೇನೋ ಇವರ ಪ್ರೋತ್ಸಾಹದ ರೀತಿ ಇರಬೇಕೆಂದುಕೊಂಡು ತಾನೂ ನಕ್ಕಳು. ಬೈಂಡರನ ಬಲಗಾಲೂ ನೆಲಕ್ಕೆ ಬಡಿಯುತ್ತಿತ್ತು.

ಆಕೆ ಪ್ರಯತ್ನ ಬಿಟ್ಟಳು. ಒಂದು ಉಸಿರು ಎಳೆದುಕೊಂಡಳು.

"ಕಿಕ್ಕಮ್ಮ ಅನ್ನಿ, ಸಾಕು."

ಒಂದು ಅಕ್ಷರವೂ ಸಿಕ್ಕಿಕೊಳ್ಳಲಿಲ್ಲ. ಎಣ್ಣೆ ಹಾಕಿದ ಕೀಲಿನಂತೆ ಸಲೀಸಾಗಿ ಬಂತು. ತಾನಿಟ್ಟ ಹೆಸರನ್ನು ಬೈಂಡರ್ ಊರೆಲ್ಲರ ಬಾಯಲ್ಲಿ ಕೇಳಿದ್ದ, ಆಕೆಯ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಹೆತ್ತವರು ಇಟ್ಟದ್ದು ಬಾಯಿಂದ ಹೊರಡದು, ಇವನಿಟ್ಟದ್ದು ಉರುಳಿಕೊಂಡು ಬರುತ್ತದೆ. ಅವನ ಕಾಲು ನಿಂತಿತು.

"ಚೆನ್ನಾಗಿದೆಯಲ್ಲ!" ಎಂದಳು ಹುಡುಗಿ. "ಯಾರಿಟ್ಟಿದ್ದು ಇಂಥ ಹೆಸರು?"

ಎಲ್ಲರ ಬೆರಳೂ ಬೈಂಡರನ ಕಡೆ ತಿರುಗಿತು. ಯಾರೋ ಚಪ್ಪಾಳೆ ಶುರುಮಾಡಿದರು. ಹುಡುಗಿ ದಪ್ಪ ಅಕ್ಷರದಲ್ಲಿ ಕಿಕ್ಕಮ್ಮ ಎಂದು ಬರೆದು ಕೊಟ್ಟಳು. ಆಕೆ ಅದನ್ನು ಅಂಟಿಸಿಕೊಂಡು ಕೂತಳು.

ಆಮೇಲೆ ನಡೆದ ಪಾಠದಲ್ಲಿ ಬೈಂಡರನ ಕಿವಿಗೆ ಬಿದ್ದದ್ದು ಒಂದೇ ಮಾತು. ತಮಾಷೆ ಯಾವಾಗ ತಮಾಷೆಯಾಗಿ ಉಳಿಯುವುದಿಲ್ಲ ಎಂದು ಯಾರೋ ಕೇಳಿದ್ದಕ್ಕೆ ಹುಡುಗಿ, "ಎಷ್ಟು ಜನ ನಕ್ಕರು ಅಂತ ನೋಡಬೇಡಿ. ಕೊನೆಯಲ್ಲಿ ಯಾರು ನಕ್ಕರು ನೋಡಿ. ಎಲ್ಲರ ಮುಖ ನೋಡಿ, ಆಮೇಲೆ ನಗೋರು ಒಬ್ಬರಿರ್ತಾರೆ," ಎಂದಳು. ಯಾರನ್ನೂ ಉದ್ದೇಶಿಸಿ ಆಡಿದ ಮಾತಲ್ಲ ಅದು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಬೈಂಡರ್ ಹಳೆಯದನ್ನು ಕೆದಕಿದ. ಮೆಟ್ಟಿಲ ಕೆಳಗಿನ ಆ ದಿನ. ಅವನು ನಕ್ಕಿದ್ದ, ಏಣಿ ನಕ್ಕಿದ್ದ, ಮೇಜೆಲ್ಲ ನಕ್ಕಿತ್ತು. ಆಕೆ ಒಮ್ಮೆ ಸುತ್ತ ಎಲ್ಲರ ಮುಖ ನೋಡಿದ್ದಳು. ಆಮೇಲೆ ನಕ್ಕಿದ್ದಳು. ಚೌಕಟ್ಟು ಹಾಕಿಟ್ಟ ಪ್ರಮಾಣಪತ್ರದಲ್ಲಿ ಈ ಸಾಲನ್ನು ಅವನು ಓದಿಯೇ ಇರಲಿಲ್ಲ.

ಸಂಜೆ ಮನೆಯಲ್ಲಿ ಅವನು ಊಟ ಕೆದಕುತ್ತ ಕೂತಿದ್ದನ್ನು ನೋಡಿ ಹೆಂಡತಿ, "ಏನ್ರೀ, ಯಾರಾದ್ರೂ ಬೈದ್ರಾ?" ಎಂದಳು.

"ಬೈದಿದ್ರೆ ಚೆನ್ನಾಗಿರ್ತಿತ್ತು. ಚಪ್ಪಾಳೆ ತಟ್ಟಿದ್ರು." ನಡೆದದ್ದನ್ನು ಹೇಳಿದ.

ಹೆಂಡತಿ ಚಮಚ ಕೆಳಗಿಟ್ಟಳು. "ಅಂದ್ರೆ, ಅವರ ಹೆಸರು ಕಿಕ್ಕಮ್ಮ ಅಲ್ವಾ?"

"ನಿನಗೆ ಹೇಳಿದ್ದೆನಲ್ಲ, ಸ್ಕೂಟರ್ ಕಥೆ."

"ಸ್ಕೂಟರ್ ಕಥೆ ಹೇಳಿದ್ರಿ. ಯಾರದೋ ತಮಾಷೆ ಅಂತ ನಕ್ಕಿದ್ದೆ. ಅದು ಇವರು ಅಂತ ನನಗೇನು ಗೊತ್ತು? ಹೋದ ವರ್ಷ ಮಾರ್ಕೆಟ್‌ನಲ್ಲಿ ಸಿಕ್ಕಿದ್ರು. ನೀವು ದಿನಾ ಅದೇ ಹೆಸರು ಹೇಳ್ತಿದ್ರಲ್ಲ, 'ಚೆನ್ನಾಗಿದ್ದೀರಾ ಕಿಕ್ಕಮ್ಮನವ್ರೇ' ಅಂದೆ. ಪಕ್ಕದಲ್ಲಿ ಅವರ ಅತ್ತೆ ಇದ್ರು. 'ಯಾರೇ ಅದು ಕಿಕ್ಕಮ್ಮ?' ಅಂತ ಕೇಳಿದ್ರು. ಇವರು ಉತ್ತರ ಕೊಡದೆ ಟೊಮೆಟೊ ಆರಿಸ್ತಾನೇ ನಿಂತ್ರು. ಕಿವಿ ಮಂದ ಇರಬೇಕು ಅಂದ್ಕೊಂಡು ನಾನು ಇನ್ನೂ ಜೋರಾಗಿ ಕರೆದೆ." ಅವಳ ಮುಖ ಕೆಂಪಾಯಿತು. "ನಿಮ್ಮ ನಾಲಗೆಗೆ ಎಲುಬಿಲ್ಲ, ಅದು ಹಾಳಾಗಿ ಹೋಗ್ಲಿ. ನನ್ನ ಬಾಯಲ್ಲೂ ಆಡಿಸಿದ್ರಲ್ಲ."

ಅವನು ಎದ್ದು ಹೋಗಿ ಕೈ ತೊಳೆದುಕೊಂಡ.

ಮರುದಿನ ಟೀ ಮೇಜಿನಲ್ಲಿ, ಆಕೆ ಇನ್ನೂ ಬಂದಿರದ ಹೊತ್ತು ನೋಡಿ ಬೈಂಡರ್ ಗಂಟಲು ಸರಿಮಾಡಿಕೊಂಡ. "ನೋಡ್ರಪ್ಪ, ಇವತ್ತಿಂದ ಯಾರೂ ಅವರನ್ನ ಕಿಕ್ಕಮ್ಮ ಅನ್ನಬಾರದು."

ಎಲ್ಲರೂ ಕಾದರು. ನಗು ಬರುವುದು ಮುಂದಿನ ಸಾಲಿನಲ್ಲಿ ಎಂದು ಕಾದರು.

"ನಿಜವಾಗಿ ಹೇಳ್ತಿದ್ದೀನಿ. ಅದು ತಪ್ಪು. ಅವರಿಗೊಂದು ಹೆಸರಿದೆ."

"ಗೊತ್ತಾಯ್ತು, ಗೊತ್ತಾಯ್ತು," ಎಂದ ಏಣಿ. "ಹಾಗಾದ್ರೆ ಹೊಸ ಹೆಸರೇನು ಬೈಂಡರಣ್ಣ, ಸೆಲ್ಫ್ ಸ್ಟಾರ್ಟಾ?"

ಮೇಜು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬದುಕೆಲ್ಲ ತೋಳ ಬಂತು ತೋಳ ಎಂದು ಕೂಗಿ ನಗಿಸಿದವನು ನಿಜವಾದ ತೋಳವನ್ನು ತೋರಿಸಿದರೆ ಯಾರು ನೋಡುತ್ತಾರೆ? ಆದರೆ ಬೈಂಡರನನ್ನು ಆ ದಿನವೆಲ್ಲ ಚುಚ್ಚಿದ್ದು ಅವರ ನಗುವಲ್ಲ. ಏಣಿಯ ಮಾತಿಗೆ ತನ್ನ ತುಟಿಯ ಅಂಚೂ ಕ್ಷಣಕಾಲ ಮೇಲೆದ್ದಿತ್ತು. ಎಂಥ ಒಳ್ಳೆಯ ಜೋಕು, ನನಗೇಕೆ ಹೊಳೆಯಲಿಲ್ಲ ಎಂದು ಒಳಗೊಬ್ಬ ಹೊಟ್ಟೆಕಿಚ್ಚು ಪಟ್ಟಿದ್ದ. ಅವನನ್ನು ಬೈಂಡರ್ ಸ್ಪಷ್ಟವಾಗಿ ಕಂಡಿದ್ದ.

ಆಮೇಲೆ ಅವನು ಕೌಂಟರಿಗೆ ಹೋಗಿ ಆಕೆಯನ್ನು ನಿಜವಾದ ಹೆಸರು ಹಿಡಿದು, ಕೊನೆಗೆ "ಅವರೇ" ಸೇರಿಸಿ ಕರೆದ. ಆಕೆಯ ಕೈಯಲ್ಲಿದ್ದ ಮುದ್ರೆ ಅಲ್ಲೇ ನಿಂತಿತು.

"ಏನಾಯ್ತು ಬೈಂಡರಣ್ಣ? ನನ್ನ ಮೇಲೆ ಏನಾದ್ರೂ ಕಂ… ಕಂಪ್ಲೇಂಟ್ ಬಂದಿದೆಯಾ?"

"ಇಲ್ಲ ಇಲ್ಲ, ಸುಮ್ಮನೆ ಕರೆದೆ," ಎಂದು ಅವನು ಓಡಿಬಂದ. ಗೌರವದಿಂದ ಕರೆದರೆ ಹೆದರುವ ಸ್ಥಿತಿಗೆ ಒಬ್ಬ ಹೆಂಗಸನ್ನು ತಂದಿಟ್ಟಿದ್ದೇನೆ ಎಂಬುದು ಮೆಟ್ಟಿಲಿಳಿಯುವಾಗ ಅವನಿಗೆ ಹೊಳೆಯಿತು. ಕಟಿಂಗ್ ಮೆಷಿನ್ನಿನ ಮುಂದೆ ಕೂತ. ಆ ದಿನ ಕತ್ತರಿಸಿದ ರಟ್ಟುಗಳೆಲ್ಲ ಅಳತೆ ತಪ್ಪಿದವು.

ವಾರ ಕಳೆದ ಮೇಲೆ ಆಕೆಯೇ ಹರಿದ ನಿಘಂಟುಗಳನ್ನು ಎತ್ತಿಕೊಂಡು ನೆಲಮಾಳಿಗೆಗೆ ಇಳಿದಳು. ಬೈಂಡರ್ ಬಾಗಿಲು ಮುಂದೆ ಮಾಡಿ, ಸ್ಟೂಲಿನ ಮೇಲಿದ್ದ ಅಂಟಿನ ಡಬ್ಬ ಸರಿಸಿ, "ಕೂತ್ಕೊಳ್ಳಿ," ಎಂದ. ಆಕೆ ಕೂರಲಿಲ್ಲ.

"ಆ ಹೆಸರು ಇಟ್ಟಿದ್ದು ನಾನು," ಎಂದ. "ತಪ್ಪು ಮಾಡಿದೆ. ಕ್ಷಮಿಸಿ."

ಆಕೆ ನಿಘಂಟುಗಳನ್ನು ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು. ಮಾತು ಬರಲು ಹೊತ್ತು ಹಿಡಿಯಿತು. ಅವನಿಗೆ ಅದನ್ನು ಪೂರ್ತಿ ಮಾಡಿಕೊಡುವ ಚಪಲ. ತುಟಿ ಕಚ್ಚಿಕೊಂಡು ನಿಂತ.

"ನೀವು ಕೆಟ್ಟವರಲ್ಲ ಬೈಂಡರಣ್ಣ. ಅದೇ ಕ… ಕಷ್ಟ ಆಗಿದ್ದು. ಕೆಟ್ಟವರಾಗಿದ್ರೆ ಮೊದಲ ದಿನವೇ ಜಗಳ ಆಡ್ತಿದ್ದೆ. ನನ್ನ ಗಂಡನಿಗೆ ರಕ್ತ ಕೊಟ್ಟವರ ಹತ್ರ ಹೇಗೆ ಜಗಳ ಆಡಲಿ?"

"ಅವತ್ತು ನೀವೂ ನಕ್ಕಿರಿ..." ಬೇಡವೆಂದುಕೊಂಡರೂ ಅವನ ಬಾಯಿಂದ ಬಂದುಬಿಟ್ಟಿತು.

"ನಗು ತೊದಲೋದಿಲ್ವಲ್ಲ," ಎಂದಳು ಆಕೆ. "ಬಾಯಿಂದ ಬೇಗ ಬಂದಿದ್ದು ಅದೊಂದೇ."

ಹೊಸ ವಿದ್ಯಾರ್ಥಿಗಳು ಬಂದಾಗ ಗ್ರಂಥಾಲಯದ ಬಗ್ಗೆ ಮಾತಾಡುವ ಕೆಲಸವನ್ನು ತನಗೆ ಕೊಡಿ ಎಂದು ಆಕೆ ಪ್ರತಿ ವರ್ಷ ಕೇಳುತ್ತಿದ್ದಳಂತೆ. ಮನೆಯಲ್ಲಿ ಮಗನನ್ನು ಮುಂದೆ ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದಳಂತೆ. ನಿಧಾನಕ್ಕೆ ಹೇಳಿದರೆ ಚೆನ್ನಾಗಿಯೇ ಬರುತ್ತಿತ್ತು. ಸಾಹೇಬರು ಒಮ್ಮೆ ಮಾತ್ರ ಆಮೇಲೆ ಎನ್ನದೆ ನೇರ ಉತ್ತರ ಕೊಟ್ಟಿದ್ದರು: "ಅಷ್ಟು ಹುಡುಗರ ಮುಂದೆ ಕಿಕ್ಕಮ್ಮನ್ನ ನಿಲ್ಲಿಸೋಕಾಗುತ್ತಾ?"

ಬೈಂಡರ್ ಹೊಲಿಗೆಯ ದಾರವನ್ನು ಬೆರಳಿಗೆ ಸುತ್ತುತ್ತ ನಿಂತಿದ್ದ. ಬೆರಳ ತುದಿ ನೀಲಿಯಾದರೂ ಬಿಡಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬುದನ್ನು ಅವನು ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದ.

ಆಕೆ ಬಾಗಿಲು ತೆರೆದು, ತಿರುಗಿ, "ಹೆಸರಿಟ್ಟಿದ್ದು ಟೀ ಮೇಜಿನ ಹತ್ರ, ಎಲ್ಲರ ಮುಂದೆ," ಎಂದಳು. "ಕ್ಷಮೆ ಕೇಳೋಕೆ ಮಾತ್ರ ಬಾ… ಬಾಗಿಲು ಹಾಕಿದ್ರಿ." ಮೆಟ್ಟಿಲು ಹತ್ತಿದಳು.

ತರಬೇತಿಯ ಎರಡನೇ ಕಂತು ಬಂತು. ಬೈಂಡರ್ ಮನೆಯಲ್ಲಿ ಹೆಂಡತಿಯ ಮುಂದೆ ಮಾತು ಕಟ್ಟಿಕೊಂಡು ಹೋಗಿದ್ದ. ಹುಡುಗಿ ಬಾಗಿಲು ಹಾಕುತ್ತಿದ್ದಂತೆ ಎದ್ದುನಿಂತು, ಸ್ಕೂಟರಿನ ಕಥೆಯನ್ನು ಮೊದಲಿಂದ ಹೇಳತೊಡಗಿದ. ಹೇಳುವ ಕಲೆ ಅವನನ್ನು ಅಲ್ಲೂ ಬಿಡಲಿಲ್ಲ. "ಇನ್ನೊಂದು ಕಿಕ್ ಹೊಡೀರಮ್ಮಾ" ಎಂಬಲ್ಲಿಗೆ ಬಂದಾಗ ಹಾಲು ಮೊದಲ ಸಲ ಕೇಳಿದಂತೆ ನಕ್ಕಿತು. "ನಗಬೇಡಿ," ಎಂದ. ಅದಕ್ಕೂ ನಕ್ಕರು. "ನಾನು ಅವರ ಬದುಕನ್ನ ಹಾಳು ಮಾಡಿದೆ," ಎಂದಾಗ ಏಣಿ ಮಾತ್ರ ನಗು ನಿಲ್ಲಿಸಿ ಅವನ ಮುಖ ನೋಡಿದ. ಉಳಿದವರು ಸ್ವಲ್ಪ ಹೊತ್ತು ಬಿಟ್ಟು, ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು.

ಆಕೆಯ ಕಡೆ ತಿರುಗಿ ಕೈಮುಗಿಯಬೇಕು ಎಂದುಕೊಂಡಿದ್ದ. ತಿರುಗಿ ನೋಡಿದರೆ ಕುರ್ಚಿ ಖಾಲಿ. ಆ ದಿನ ಕೌಂಟರ್ ನೋಡಿಕೊಳ್ಳಲು ಯಾರಾದರೂ ಬೇಕೆಂದಾಗ ಆಕೆಯೇ ಮುಂದೆ ಬಂದು, ತಾನಿರುತ್ತೇನೆ ಎಂದಿದ್ದಳಂತೆ. ಎಲ್ಲರ ಮುಂದೆ ಎಂದರೆ ಎಲ್ಲರೂ ಇದ್ದರು, ಆಕೆಯೊಬ್ಬಳನ್ನು ಬಿಟ್ಟು. ಹಾಲಿನಲ್ಲಿ ಒಳಗೊಳಗೇ ಹಗುರವಾಗುತ್ತಿದ್ದವನು ತಾನೊಬ್ಬನೇ ಎಂದು ಬೈಂಡರನಿಗೆ ನಾಚಿಕೆಯಾಯಿತು.

ತರಗತಿ ಮುಗಿದ ಮೇಲೆ ಹುಡುಗಿ ಅವನ ಹತ್ತಿರ ಬಂದಳು. ಅವಳ ಮುಖವೂ ಸಪ್ಪಗಿತ್ತು. "ಆ ಬ್ಯಾಡ್ಜ್ ಬರೆದು ಕೊಟ್ಟವಳು ನಾನು. ಎಲ್ಲರಿಗೂ ಪಾಠ ಹೇಳೋಳು," ಎಂದಳು. ಇಬ್ಬರೂ ಕುರ್ಚಿಗಳನ್ನು ಎತ್ತಿ ಗೋಡೆಗೆ ಒರಗಿಸಿದರು. ಅವಳಿಗೆ ಕೈವಾರ ಎಂಬ ಹೆಸರಿಟ್ಟಿದ್ದು ಬೈಂಡರನಿಗೆ ನೆನಪಾಯಿತು. ಅದನ್ನು ಅವಳಿಗೆ ಹೇಳಲಿಲ್ಲ.

ಅವನು ಸಾಹೇಬರ ಕೋಣೆಗೂ ಹೋಗಿ, ಈ ಸಲ ಹೊಸ ವಿದ್ಯಾರ್ಥಿಗಳ ಮುಂದೆ ಮಾತಾಡುವ ಕೆಲಸ ಆಕೆಗೇ ಕೊಡಿ ಎಂದು ಕೇಳಿಕೊಂಡ. "ಆಮೇಲೆ ನೋಡೋಣ," ಎಂದರು ಸಾಹೇಬರು. ನೋಡುವಷ್ಟರಲ್ಲಿ ಆಕೆ ಕಾನೂನು ವಿಭಾಗದ ಗ್ರಂಥಾಲಯಕ್ಕೆ ವರ್ಗ ಮಾಡಿಸಿಕೊಂಡಿದ್ದಳು. ಅದು ಆವರಣದ ಇನ್ನೊಂದು ತುದಿಯಲ್ಲಿತ್ತು. ಬೈಂಡರನಿಗೆ ವಿಷಯ ಗೊತ್ತಾದದ್ದು ಎಲ್ಲರಿಗೂ ಗೊತ್ತಾದ ಮೇಲೆ, ಟೀ ಮೇಜಿನಲ್ಲಿ.

ಅಲ್ಲಿ ಆಕೆಯನ್ನು ಎಲ್ಲರೂ ಹೆಸರು ಹಿಡಿದು ಮೇಡಂ ಎನ್ನುತ್ತಾರೆ, ಹುಡುಗರಿಗೆ ಪುಸ್ತಕ ಹುಡುಕುವುದನ್ನು ಆಕೆಯೇ ಹೇಳಿಕೊಡುತ್ತಾಳೆ ಎಂದು ಸುದ್ದಿ ಬರುತ್ತಿತ್ತು. ಕೇಳಿದಾಗ ಅವನಿಗೆ ಸಮಾಧಾನವಾಗುತ್ತಿತ್ತು. ಅದರ ಬೆನ್ನಿಗೇ, ನನ್ನಿಂದ ದೂರ ಹೋಗಿದ್ದಕ್ಕೇ ಅಲ್ಲವೇ ಇಷ್ಟೆಲ್ಲ ಎನಿಸಿ ಸಮಾಧಾನ ಕಹಿಯಾಗುತ್ತಿತ್ತು.

ಕೆಲವು ತಿಂಗಳ ನಂತರ ಕಾನೂನು ವಿಭಾಗದ ಹಳೆಯ ತೀರ್ಪುಗಳ ಸಂಪುಟಗಳಿಗೆ ಹೊಸ ರಟ್ಟು ಕಟ್ಟಿ ಮುಗಿಯಿತು. ತಾನು ಹೋಗುವುದೋ ಬೇಡವೋ ಎಂದು ಬೈಂಡರ್ ಎರಡು ದಿನ ಮೀನಮೇಷ ಎಣಿಸಿ, ಕೊನೆಗೆ ಏಣಿಯನ್ನು ಜೊತೆಗೆ ಕರೆದುಕೊಂಡು ಗಾಡಿ ತಳ್ಳಿಕೊಂಡು ಹೊರಟ. ದಾರಿಯಲ್ಲಿ, "ಅಲ್ಲಿ ಬಾಯಿ ಬಿಗಿ ಹಿಡ್ಕೋ," ಎಂದು ಹೇಳಿದ. "ನನಗೆ ಅಷ್ಟೂ ಗೊತ್ತಾಗಲ್ವಾ?" ಎಂದ ಏಣಿ.

ಓದುವ ಹಾಲಿನ ನಡುವೆ ಆಕೆ ನಿಂತಿದ್ದಳು. ಸುತ್ತ ವಿದ್ಯಾರ್ಥಿಗಳು. ಪುಸ್ತಕಗಳ ಸೂಚಿ ನೋಡುವ ಕ್ರಮವನ್ನು ವಿವರಿಸುತ್ತಿದ್ದಳು. ಒಂದು ಕಡೆ ಮಾತು ಸಿಕ್ಕಿಕೊಂಡಿತು. ಯಾರೂ ಕಾಲು ತಟ್ಟಲಿಲ್ಲ, ಲೋಟ ನೋಡಲಿಲ್ಲ. ಕಾದರು. ಮಾತು ಬಂತು, ಮುಂದೆ ಹೋಯಿತು. ಬೈಂಡರ್ ಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು ಬಾಗಿಲಲ್ಲೇ ನಿಂತ. ಇಷ್ಟೇ ಸಾಕಿತ್ತು. ಅಂದು ಆ ಮೆಟ್ಟಿಲ ಕೆಳಗೆ ಒಂದು ಗುಟುಕು ಟೀ ಕುಡಿಯುವಷ್ಟು ಹೊತ್ತು ತಾನು ಸುಮ್ಮನಿದ್ದಿದ್ದರೆ ಸಾಕಿತ್ತು.

ಅಷ್ಟರಲ್ಲಿ ಆಕೆಯನ್ನು ಬಹಳ ದಿನದ ಮೇಲೆ ಕಂಡ ಸಂತೋಷದಲ್ಲಿ ಏಣಿ ತನ್ನ ಉದ್ದನೆಯ ಕೈಯನ್ನು ಗಾಳಿಯಲ್ಲಿ ಬೀಸಿ, ಇಡೀ ಹಾಲಿಗೆ ಕೇಳುವಂತೆ ಕೂಗಿಬಿಟ್ಟ:

"ಕಿಕ್ಕಮ್ಮಾ! ಹೇಗಿದ್ದೀರಿ?"

ವಿದ್ಯಾರ್ಥಿಗಳು ತಿರುಗಿ ನೋಡಿದರು. ಆಕೆ ತಿರುಗಲಿಲ್ಲ. ಸೂಚಿಯ ಮೇಲಿಟ್ಟ ಬೆರಳನ್ನು ತೆಗೆಯದೆ ಮುಂದಿನ ಮಾತು ಶುರುಮಾಡಿದಳು. ಅದು ಮೊದಲಿಗಿಂತ ಹೆಚ್ಚು ಹೊತ್ತು ಸಿಕ್ಕಿಕೊಂಡಿತು. ಏಣಿ ನಾಲಗೆ ಕಚ್ಚಿಕೊಂಡ, ಕಣ್ಣಲ್ಲಿ ನೀರು ತಂದುಕೊಂಡ. ಬೈಂಡರ್ ಅವನನ್ನು ಬೈಯಲಿಲ್ಲ. ಬೈಯಲು ತನಗೆ ಯಾವ ಮುಖವಿದೆ? ಸಂಪುಟಗಳನ್ನು ಸದ್ದಿಲ್ಲದೆ ಇಳಿಸಿ ಇಬ್ಬರೂ ಖಾಲಿ ಗಾಡಿಯೊಂದಿಗೆ ವಾಪಸಾದರು.

ಪರೀಕ್ಷೆಯ ದಿನಗಳು ಹತ್ತಿರ ಬಂದವು. ಸಂಶೋಧನೆಯ ವಿದ್ಯಾರ್ಥಿಗಳು ಪ್ರಬಂಧಗಳನ್ನು ಕಟ್ಟಿಸಲು ನೆಲಮಾಳಿಗೆಗೆ ಬರುವ ಕಾಲ ಅದು. ಒಂದು ಬೆಳಗ್ಗೆ ಒಬ್ಬ ಹುಡುಗಿ ಎದೆಗೆ ಕಾಗದದ ಕಟ್ಟು ಅವಚಿಕೊಂಡು ಬಂದು ನಿಂತಳು.

"ಕಾನೂನು ಲೈಬ್ರರಿಯ ಕಿಕ್ಕಮ್ಮ ಮೇಡಂ ಕಳಿಸಿದ್ರು. ಬೈಂಡಿಂಗ್ ಅಂದ್ರೆ ನಿಮ್ಮದೇ, ಬೇರೆ ಕಡೆ ಹೋಗಬೇಡ ಅಂದ್ರು."

ಬೈಂಡರ್ ಅಂಟಿನ ಕುಂಚವನ್ನು ಕೆಳಗಿಟ್ಟ. "ಯಾವ ಮೇಡಂ?"

"ಕಿಕ್ಕಮ್ಮ ಮೇಡಂ. ಓದೋ ಹಾಲಲ್ಲಿ ಯಾರೋ ಹಾಗೆ ಕೂಗಿದ್ರಂತೆ, ಈಗ ಎಲ್ಲರೂ ಹಾಗೇ ಅಂತಾರಲ್ಲ." ಹುಡುಗಿಯ ಮುಖದಲ್ಲಿ ಕುಚೋದ್ಯದ ಸುಳಿವೂ ಇರಲಿಲ್ಲ. ತನಗೆ ತುಂಬ ಬೇಕಾದವರ ಹೆಸರು ಹೇಳುವಂತೆ ಹೇಳಿದ್ದಳು. "ಯಾಕೆ, ಅದು ಅವರ ಹೆಸರಲ್ವಾ?"

"ಅಲ್ಲ," ಎಂದ ಬೈಂಡರ್. ಆಕೆಯ ನಿಜವಾದ ಹೆಸರನ್ನು ನಿಧಾನವಾಗಿ, ಪೂರ್ತಿಯಾಗಿ ಹೇಳಿದ. ಹುಡುಗಿ ಅದನ್ನು ಒಮ್ಮೆ ಬಾಯಲ್ಲಿ ಆಡಿಸಿಕೊಂಡಳು.

"ಅಯ್ಯೋ, ನನಗೆ ಗೊತ್ತೇ ಇರಲಿಲ್ಲ. ಹಾಗಾದ್ರೆ ಕಿಕ್ಕಮ್ಮ ಅಂತ ಯಾಕೆ ಕರೀತಾರೆ?"

ಕಾರಣ ಹೇಳಬೇಕೆಂದರೆ ಸ್ಕೂಟರಿನ ಕಥೆ ಹೇಳಬೇಕು. ಕಥೆ ಹೇಳಿದರೆ ಅದು ಈ ಹುಡುಗಿಯ ಜೊತೆ ಆವರಣದ ಆ ತುದಿಯವರೆಗೆ ನಡೆದು ಹೋಗುತ್ತದೆ. ಸದ್ಯಕ್ಕೆ ಅಲ್ಲಿ ಇರುವುದು ಅರ್ಥವಿಲ್ಲದ ಒಂದು ಹೆಸರು ಮಾತ್ರ. ಬೈಂಡರ್ ಬಾಯಿಗೆ ಬಂದ ಅಷ್ಟನ್ನೂ ನುಂಗಿಕೊಂಡ.

"ನಾನಿಟ್ಟಿದ್ದು," ಎಂದ. "ಇಡಬಾರದಿತ್ತು."

ಹುಡುಗಿ ಮುಂದಿನ ಮಾತಿಗೆ ಕಾಯುತ್ತ ನಿಂತಳು. ಅವನು ಕಾಗದದ ಕಟ್ಟನ್ನು ಇಸಿದುಕೊಂಡು, ಅಂಚುಗಳನ್ನು ಮೇಜಿಗೆ ಕುಟ್ಟಿ ಸಮ ಮಾಡಿ, ರಟ್ಟು ಯಾವ ಬಣ್ಣದ್ದು ಬೇಕು ಎಂದು ಕೇಳಿದ.